ಕಾರಿಗೊಂದು ಮಾಲೀಸು

ಧೂಳು ಕೂತ ಕಾರು ಕಂಡರೆ ಮಕ್ಕಳ ತೋರುಬೆರಳು ಸುಮ್ಮನಿರುವುದಿಲ್ಲ. ಹೆಸರು ಬರೆಯಬೇಕು, ಇಲ್ಲವೇ ಒಂದು ಮುಖ ಬಿಡಿಸಿ ಅದಕ್ಕೆ ಮೀಸೆ ಇಡಬೇಕು. ಮೊನ್ನೆ ನೀವಿಬ್ಬರೂ ನಿಮ್ಮಪ್ಪನ ಕಾರಿನ ಹಿಂಭಾಗದಲ್ಲಿ ಇಂಥದೇ ಏನೋ ಕಲಾಕೃತಿ ರಚಿಸಿ ಚೆನ್ನಾಗಿ ಬೈಸಿಕೊಂಡಿರಿ. ಬಣ್ಣಕ್ಕೆ ಗೀರು ಬೀಳುತ್ತದಂತೆ. ನಾನು ಬಾಗಿಲಲ್ಲಿ ನಿಂತಿದ್ದೆ. ನಿಮ್ಮ ಪರವಾಗಿ ಒಂದು ಮಾತು ಆಡೋಣವೆಂದು ಬಾಯಿ ತೆರೆದೆ, ಅಷ್ಟರಲ್ಲಿ ನನ್ನ ಹಳೆಯ ಸಂಕೋಚ ಬಂದು ಅಡ್ಡ ನಿಂತಿತು. ಹೆತ್ತ ಮಗನ ಎದುರು ಎಂಥ ಸಂಕೋಚ ಎಂದು ನೀವು ಕೇಳಬಹುದು. ನನಗೆ ಕೊತ್ತಂಬರಿ ಸೊಪ್ಪು ಮಾರುವವಳ ಎದುರೂ ಸಂಕೋಚವೇ. ಆಡಲಾರದ್ದನ್ನು ಬರೆಯಬಲ್ಲೆ, ಅಷ್ಟೇ. ನಮ್ಮೂರ ಶಾಲೆಯ ಮೇಷ್ಟರು ಹೆಚ್ಚೇನೂ ಕಲಿಸದಿದ್ದರೂ ಅಕ್ಷರವನ್ನು ದುಂಡಗೆ ಬರೆಯುವುದನ್ನು ಕಲಿಸಿದ್ದರು. ಅವರ ಹೆಸರು ಹೇಳಿಕೊಂಡು, ಅಂದು ಆಡಬೇಕೆಂದಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ. ಅದು ಒಂದು ಕಾರಿನ ಬಣ್ಣದ ವಿಷಯ. ಅದನ್ನು ಮನೆಯಲ್ಲೇ ಮೊದಲ ಸಲ ಉಜ್ಜಿ ಹೊಳೆಸಲು ಹೋದ ನಮ್ಮ ಸಾಹಸದ ವಿಷಯ.

ಉಜ್ಜುವುದು ನನಗೆ ಹೊಸದಲ್ಲ. ಮಾಗಡಿ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗಳು ನಡೆಯಲು ಕಲಿಯುವುದಕ್ಕೂ ಉಜ್ಜಲು ಕಲಿಯುವುದಕ್ಕೂ ಹೆಚ್ಚು ಅಂತರವಿರುತ್ತಿರಲಿಲ್ಲ. ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು, ಕಬ್ಬಿಣದ ಬಾಣಲೆಗೆ ಇಟ್ಟಿಗೆ ಪುಡಿ, ದೀಪದ ಕಂಬಕ್ಕೆ ಬೂದಿ, ತಮ್ಮನ ಬೆನ್ನಿಗೆ ತೆಂಗಿನ ನಾರು. ಹಬ್ಬದ ಹಿಂದಿನ ದಿನ ನಮ್ಮಮ್ಮ ಎಮ್ಮೆಯ ಕೊಂಬಿಗೂ ಎಣ್ಣೆ ಹಚ್ಚಿ ಹೊಳೆಸುತ್ತಿದ್ದಳು. ಎಮ್ಮೆಗೆ ಅದರಿಂದ ಏನು ಸಂತೋಷವಾಗುತ್ತಿತ್ತೋ ಕಾಣೆ, ಅಮ್ಮನಿಗಂತೂ ಆಗುತ್ತಿತ್ತು. ಹೀಗೆ ಮನೆಯ ಸಕಲ ವಸ್ತುಗಳನ್ನೂ ಉಜ್ಜಿ ಬೆಳೆದ ನನಗೆ, ಕಾರನ್ನು ಕೂಡ ಉಜ್ಜಬೇಕಾಗುತ್ತದೆಂದು ಮಾತ್ರ ತಿಳಿದಿರಲಿಲ್ಲ. ಕಾರು ಎಂದರೆ ಶ್ರೀಮಂತರ ವಸ್ತು, ಅದು ತಾನಾಗಿಯೇ ಹೊಳೆಯುತ್ತದೆ ಎಂದುಕೊಂಡಿದ್ದೆ.

ನಿಮ್ಮ ತಾತನನ್ನು ಮದುವೆಯಾಗಿ ನಾನು ಬಂದದ್ದು ಕಾಮಾಕ್ಷಿಪಾಳ್ಯಕ್ಕೆ. ಮನೆ ಚಿಕ್ಕದು, ಮನೆಗೆ ಅಂಟಿಕೊಂಡಿದ್ದ ಕುದುರೆಲಾಯ ಅದಕ್ಕಿಂತ ಸ್ವಲ್ಪ ದೊಡ್ಡದು. ಏಕೆಂದರೆ ನನ್ನ ಮಾವನವರು, ಅಂದರೆ ನಿಮ್ಮ ಮುತ್ತಾತ, ಜಟಕಾ ಓಡಿಸುತ್ತಿದ್ದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವನಿಗೆ ಇದ್ದದ್ದು ಒಬ್ಬ ಮಗ ಮತ್ತು ಮಲ್ಲಿ ಎಂಬ ಒಂದು ಕಂದು ಬಣ್ಣದ ಹೆಣ್ಣುಕುದುರೆ. ಇಬ್ಬರಲ್ಲಿ ಯಾರು ಮುದ್ದು ಎಂಬುದು ನಾನು ಬಂದ ಮರುದಿನವೇ ಗೊತ್ತಾಯಿತು. ಬೆಳಕು ಹರಿಯುವ ಹೊತ್ತಿಗೆ ಲಾಯದಿಂದ ಸೊರ್‌ಸೊರ್ ಎಂಬ ಸದ್ದು ಕೇಳುತ್ತಿತ್ತು. ಮಾವ ಒರಟು ಬಟ್ಟೆಯಿಂದ ಮಲ್ಲಿಯ ಮೈ ತಿಕ್ಕುತ್ತಿದ್ದರು. ಜಟಕಾದವರು ಅದಕ್ಕೆ ಮಾಲೀಸು ಎನ್ನುತ್ತಿದ್ದರು. ಮಾಲೀಸು ಮುಗಿಯುವ ತನಕ ಮಾವ ಕಾಫಿಯನ್ನೂ ಕುಡಿಯುತ್ತಿರಲಿಲ್ಲ.

ನಿಮ್ಮಪ್ಪ ಹುಟ್ಟುವ ಹೊತ್ತಿಗೆ ರಸ್ತೆಯ ತುಂಬ ಆಟೋಗಳು ಬಂದಿದ್ದವು. ಜಟಕಾ ಹತ್ತುವವರು ಕಡಿಮೆಯಾದರು. ಮಲ್ಲಿಗೂ ವಯಸ್ಸಾಗಿತ್ತು. ಒಂದು ಚಳಿಗಾಲದಲ್ಲಿ ಅವಳು ಹೋದಳು. ಲಾಯ ಖಾಲಿಯಾಯಿತು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನಿಮ್ಮ ತಾತ, ಆ ಖಾಲಿ ಲಾಯವನ್ನು ಅಪ್ಪ ದಿನವೂ ನೋಡುತ್ತ ಕೂರುವುದು ಬೇಡವೆಂದು ವಿಜಯನಗರದಲ್ಲಿ ಮನೆ ಮಾಡಿದರು. ಆಗಿನ ವಿಜಯನಗರವೆಂದರೆ ಇಲ್ಲೊಂದು ಅಲ್ಲೊಂದು ಹೊಸ ಮನೆ, ನಡುವೆ ಎಕ್ಕದ ಗಿಡ, ಕೆಮ್ಮಣ್ಣಿನ ರಸ್ತೆ. ಯಾರಾದರೂ ಸೈಕಲ್ ಮೇಲೆ ಹೋದರೂ ಹಿಂದೆ ಒಂದು ಕೆಂಪು ಬಾಲ ಎದ್ದು ನಿಲ್ಲುತ್ತಿತ್ತು. ಒಗೆದು ಹರವಿದ ಬಿಳಿ ಪಂಚೆ ಸಂಜೆಯ ಹೊತ್ತಿಗೆ ಸನ್ಯಾಸಿಗಳು ಉಡುವಂತಾಗುತ್ತಿತ್ತು.

ಹೊಸ ಮನೆಯಲ್ಲೂ ಮಾವ ಬೆಳಕು ಹರಿಯುವ ಮೊದಲೇ ಏಳುತ್ತಿದ್ದರು. ಎದ್ದು ಮಾಡಲು ಏನೂ ಇರಲಿಲ್ಲ. ಜಗಲಿಯ ಮೇಲೆ ಕೂತು ತಮ್ಮ ಮೊಣಕಾಲನ್ನೇ ಅಂಗೈಯಿಂದ ಮೇಲಿಂದ ಕೆಳಗೆ, ಮೇಲಿಂದ ಕೆಳಗೆ ಸವರುತ್ತಿದ್ದರು. ಮೊಣಕಾಲು ನೋವೇನೋ ಎಂದು ನಾನು ಮೊದಮೊದಲು ನೀಲಗಿರಿ ಎಣ್ಣೆ ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಮೊಣಕಾಲಿಗೆ ಏನೂ ಆಗಿರಲಿಲ್ಲ, ಕೈಗೆ ಕೆಲಸವಿರಲಿಲ್ಲ. ಊಟ ಅರ್ಧಕ್ಕೆ ಇಳಿಯಿತು. ಮಾತು ಅದಕ್ಕಿಂತ ಕಡಿಮೆಯಾಯಿತು.

ಮಾತಿನ ವಿಷಯ ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ, ನೀವು ನಗಬಾರದು. ನಮ್ಮ ಕಡೆ ಸೊಸೆ ಮಾವನೊಂದಿಗೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ನನ್ನಂಥವಳಿಗೆ ಅದು ವರವೇ ಆಗಿತ್ತು. ಏನು ಹೇಳಬೇಕಿದ್ದರೂ ಕಂಕುಳಲ್ಲಿದ್ದ ನಿಮ್ಮಪ್ಪನ ಮೂಲಕ ಹೇಳುತ್ತಿದ್ದೆ. "ಪಾಪೂ, ತಾತಂಗೆ ಊಟಕ್ಕೆ ಆಗಿದೆ ಅಂತ ಹೇಳು" ಎನ್ನುತ್ತಿದ್ದೆ. ಅವರೂ "ಕೂಸೇ, ನಿಮ್ಮವ್ವಂಗೆ ಹೇಳು, ಇನ್ನೊಂದ್ ಚೂರು ಸಾರು ಬುಡ್ಲಿ" ಎನ್ನುತ್ತಿದ್ದರು. ನಿಮ್ಮಪ್ಪನಿಗೆ ಆಗ ಅಂಬೆಗಾಲು. ಮಾತು ಬಾರದ ಆ ದೂತ ಎರಡು ಕಡೆಗೂ ಜೊಲ್ಲು ಸುರಿಸಿ ನಗುತ್ತಿದ್ದ, ಸಾರು ಮಾತ್ರ ಸರಿಯಾಗಿ ಎಲೆಗೆ ತಲುಪುತ್ತಿತ್ತು. ಮಲ್ಲಿ ಹೋದ ಮೇಲೆ ಮಾವ ಸಾರು ಕೇಳುವುದನ್ನೂ ಬಿಟ್ಟರು. ದೂತನಿಗೆ ಕೆಲಸವಿಲ್ಲದಂತಾಯಿತು.

ಕಾರು ಬಂದದ್ದು ಇಂಥ ದಿನಗಳಲ್ಲಿ. ಕಾರ್ಖಾನೆಯ ಒಬ್ಬ ಸಾಹೇಬರಿಗೆ ದೂರದ ಊರಿಗೆ ವರ್ಗವಾಗಿತ್ತು. ಅವರ ಮನೆಯ ಹುಣಸೆಮರದ ಕೆಳಗೆ ವರ್ಷಗಟ್ಟಲೆ ನಿಂತು ತುಕ್ಕು ಹಿಡಿದಿದ್ದ ಹಳೆಯ ಕಾರನ್ನು, ರಿಪೇರಿ ಮಾಡಿಕೊಳ್ಳುವ ಧೈರ್ಯವಿದ್ದರೆ ತೆಗೆದುಕೊಂಡು ಹೋಗು ಎಂದರಂತೆ. ಅದು ಬೆನ್ನು ಉಬ್ಬಿದ ಪುಟ್ಟ ವಿಲಾಯತಿ ಕಾರು. ಅದರ ಹೆಸರು ನನ್ನ ನಾಲಿಗೆಗೆ ಎಂದೂ ಹೊರಳಲಿಲ್ಲ. ನಿಮ್ಮ ತಾತ ಮತ್ತು ಅವರ ಸ್ನೇಹಿತರು ಅದನ್ನು ತಳ್ಳಿಕೊಂಡೇ ಬಂದರು. ಆಮೇಲೆ ಮನೆಯ ಮುಂದೆ ಅದರ ಹೊಟ್ಟೆ ಬಿಚ್ಚಿ, ಪ್ರತಿ ಸಂಜೆ ಒಂದೊಂದು ಅಂಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಜೋಡಿಸಿದರು. ಮಾವ ಜಗಲಿಯಿಂದ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕೊನೆಗೊಂದು ದಿನ ಕಾರು ಕೆಮ್ಮಿತು, ಸೀನಿತು, ಗುಡುಗಿತು, ಆಮೇಲೆ ಹೊರಟಿತು. ನಿಮ್ಮ ತಾತ ಮೊದಲು ಮಾಡಿದ ಕೆಲಸವೆಂದರೆ ಗ್ರೀಸು ಮೆತ್ತಿದ ಕೈಯಲ್ಲೇ ಓಡಿ ಬಂದು ಅಪ್ಪನ ಮುಂದೆ ನಿಂತದ್ದು.

"ಅಪ್ಪಾ, ಹತ್ತು. ಒಂದು ಸುತ್ತು ಹೋಗ್ಬರೋಣ."

"ನಾ ಒಲ್ಲೆ ಕಣ್ಲಾ. ನೀನ್ ಓಗ್ಬಾ."

"ಯಾಕಪ್ಪಾ?"

"ಆಯುಷ್ಯವೆಲ್ಲಾ ಜನಾನ ಕೂರಿಸ್ಕೊಂಡು ಓಗಿವ್ನಿ. ಈಗ ಮೂಟೆ ಥರಾ ನಾನ್ ಕೂತ್ಕೊಂಡು ಓಗ್ಲಾ? ಬ್ಯಾಡ ಬುಡು."

ಅಂದಿನಿಂದ ಪ್ರತಿ ಭಾನುವಾರವೂ ಇದೇ ಪ್ರಶ್ನೆ, ಇದೇ ಉತ್ತರ. ನಿಮ್ಮ ತಾತನಿಗೆ ಆ ಕಾರಿನಲ್ಲಿ ಕಾರ್ಖಾನೆಗೆ ಹೋಗುವ ಆಸೆಯಾಗಲಿ, ನೆಂಟರ ಮುಂದೆ ಮೆರೆಯುವ ಆಸೆಯಾಗಲಿ ಇರಲಿಲ್ಲ. ಚಿಕ್ಕಂದಿನಲ್ಲಿ ಜಟಕಾದ ಮುಂದಿನ ಮೂಕಿಮರದ ಮೇಲೆ ಅಪ್ಪನ ತೊಡೆಗೆ ಒರಗಿ ಊರೆಲ್ಲ ಸುತ್ತಿದ ಹುಡುಗ ಅವರು. ಅಪ್ಪನನ್ನು ಒಂದು ಸಲ, ಒಂದೇ ಒಂದು ಸಲ, ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಹೋಗಬೇಕು. ಅಷ್ಟಕ್ಕಾಗಿಯೇ ಆ ಕಬ್ಬಿಣದ ಅಸ್ಥಿಪಂಜರಕ್ಕೆ ಜೀವ ಕೊಟ್ಟಿದ್ದರು. ಅವರು ಇದನ್ನು ನನಗೆ ಬಾಯಿ ಬಿಟ್ಟು ಹೇಳಲಿಲ್ಲ. ಪ್ರತಿ ಭಾನುವಾರ ಅಪ್ಪನಿಂದ "ಬ್ಯಾಡ" ಎನಿಸಿಕೊಂಡು ಬಂದು, ಕಾಫಿ ಲೋಟವನ್ನು ತಟ್ಟೆಯ ಮೇಲೆ ಇಡುವಾಗ ಆಗುತ್ತಿದ್ದ ಸದ್ದಿನಿಂದ ನನಗೆ ಗೊತ್ತಾಗುತ್ತಿತ್ತು.

ಒಂದು ಶನಿವಾರ ಅವರು ಕಾರ್ಖಾನೆಯಿಂದ ಬರುವಾಗ ಅಂಗೈಯಗಲದ ಚಪ್ಪಟೆ ಡಬ್ಬಿಯೊಂದನ್ನು ತಂದರು. ಮುಚ್ಚಳ ತೆರೆದರೆ ಒಳಗೆ ತಿಳಿಹಳದಿ ಬಣ್ಣದ ಮುಲಾಮು. ನಾನು ಕಾಲೊಡಕಿಗೆ ಹಚ್ಚುವ ಔಷಧವೆಂದುಕೊಂಡು ಸಂತೋಷಪಟ್ಟೆ.

"ಕಾಲಿಗಲ್ಲ ಕಣೇ, ಕಾರಿಗೆ. ಪಾಲಿಶ್" ಎಂದರು. "ಅಪ್ಪ ಯಾಕೆ ಹತ್ತಲ್ಲ ಅಂತ ನಂಗೆ ಗೊತ್ತಾಯ್ತು. ಅಪ್ಪನ ಗಾಡಿ ಯಾವತ್ತಾದ್ರೂ ಹೀಗಿತ್ತಾ? ಮಲ್ಲಿ ಮೈಯಲ್ಲಿ ಮುಖ ನೋಡ್ಕೋಬಹುದಾಗಿತ್ತು. ಇದು ನೋಡು, ಬೂದಿ ಬಳ್ಕೊಂಡಂಗಿದೆ. ಯಾವ ಮರ್ಯಾದಸ್ಥ ಹತ್ತುತಾನೆ ಇದಕ್ಕೆ?"

ಅವರು ಹೇಳಿದ್ದರಲ್ಲಿ ಸತ್ಯವಿತ್ತು. ಆ ಕಾರಿನ ಬಣ್ಣ ಹಿಂದೆ ಯಾವಾಗಲೋ ಹಸಿರಾಗಿದ್ದಿರಬೇಕು. ಬಿಸಿಲಿಗೂ ಮಳೆಗೂ ನಿಂತು, ಕೊಯ್ದು ಮರೆತ ಸೊಪ್ಪಿನಂತೆ ಬಿಳಿಚಿಕೊಂಡಿತ್ತು. ಮುಟ್ಟಿದರೆ ಸುಣ್ಣದ ಗೋಡೆಯಂತೆ ಕೈಗೆ ಪುಡಿ ಹತ್ತುತ್ತಿತ್ತು. ನಿಮ್ಮಪ್ಪ ಒಮ್ಮೆ ಅದರ ಬಾಗಿಲನ್ನು ಹಿಡಿದು ಎದ್ದು ನಿಂತು, ತನ್ನ ಐದು ಬೆರಳಿನ ಗುರುತನ್ನು ಅದರ ಮೇಲೆ ಬಿಟ್ಟು, ಅಂಗೈಯನ್ನು ಬಾಯಿಗಿಟ್ಟುಕೊಂಡಿದ್ದ. ಬೆರಳಿನಿಂದ ಕಾರು ಕೆಡಿಸುವುದರಲ್ಲಿ ಅವನೇ ನಿಮಗೆ ಹಿರಿಯ.

ಮರುದಿನ ಭಾನುವಾರ. ಮೊದಲು ಕಾರನ್ನು ತೊಳೆದು ಒಣಗಿಸಬೇಕು, ನೆರಳಲ್ಲಿ ನಿಲ್ಲಿಸಬೇಕು, ಅಂಗೈಯಗಲ ಜಾಗಕ್ಕೆ ಚೂರೇ ಚೂರು ಪಾಲಿಶ್ ಹಚ್ಚಿ ಸುತ್ತಸುತ್ತ ಉಜ್ಜಬೇಕು, ಅದು ಒಣಗಿ ಬೆಳ್ಳಗಾದ ಮೇಲೆ ಮೆತ್ತನೆ ಬಟ್ಟೆಯಿಂದ ಒರೆಸಬೇಕು ಎಂದು ಕಾರ್ಖಾನೆಯ ಪೇಂಟರ್ ಒಬ್ಬರು ಹೇಳಿಕೊಟ್ಟಿದ್ದರು. ನಿಮ್ಮ ತಾತ ಒಂದು ಹಳೆಯ ಪಂಚೆಯನ್ನು ನಾಲ್ಕಾಗಿ ಹರಿದು, ಒಂದು ತುಂಡನ್ನು ನನ್ನ ಕಡೆ ಚಾಚಿದರು. ನಾನು ಹಿಂದೆ ಸರಿದೆ. ಹಗಲು ಹೊತ್ತು, ನಡುಬೀದಿ, ಮಾವ ಜಗಲಿಯ ಮೇಲೆ! ಗಂಡನ ಪಕ್ಕದಲ್ಲಿ ನಾನು ಸರಿಯಾಗಿ ನಿಂತದ್ದು ಧಾರೆಯ ಹೊತ್ತಿನಲ್ಲಿ ಮಾತ್ರ, ಆಗಲೂ ತಲೆ ತಗ್ಗಿಸಿದ್ದೆ.

"ಕಾರು ಮಧ್ಯದಲ್ಲಿರುತ್ತಲ್ಲ" ಎಂದರು ಅವರು. "ನಾನು ಈ ಕಡೆ, ನೀನು ಆ ಕಡೆ. ಯಾರೇನಂತಾರೆ?"

ಪಕ್ಕದ ಮನೆಯ ಸರೋಜಮ್ಮ ಏನಾದರೂ ಅಂದೇ ಅನ್ನುತ್ತಾರೆಂದು ನನಗೆ ಗೊತ್ತಿತ್ತು. ಅವರ ಯಜಮಾನರು ಹೈಸ್ಕೂಲು ಮೇಷ್ಟರು, ಅವರದು ಹೊಸ ಸ್ಕೂಟರು. ನಾನು ಸೆರಗು ಸಿಕ್ಕಿಸಿ ಉಜ್ಜಲು ತೊಡಗಿದ್ದೇ ತಡ, ಕಾಂಪೌಂಡಿನ ಮೇಲೆ ಅವರ ಮುಖ ಮೂಡಿತು.

"ಏನ್ರೀ ನಂಜಮ್ಮ, ಇವತ್ತು ಪಾತ್ರೆ ಸ್ವಲ್ಪ ದೊಡ್ಡದಾಗಿರೋ ಹಾಗಿದೆ?"

ನಾನು ತಲೆ ಬಗ್ಗಿಸಿ ಇನ್ನಷ್ಟು ಜೋರಾಗಿ ಉಜ್ಜಿದೆ. ಒಂದು ನಿಮಿಷದ ಮೇಲೆ ಬಟ್ಟೆ ತಿರುಗಿಸಿ ನೋಡುತ್ತೇನೆ, ಬಿಳಿ ಬಟ್ಟೆಯೆಲ್ಲ ಹಸಿರು!

"ನೋಡಿ ಇಲ್ಲಿ, ಬಣ್ಣ ಬಿಡ್ತಾ ಇದೆ!" ಎಂದು ಕಿರುಚಿದೆ. ಹೊಸ ಸೀರೆಯನ್ನು ಮೊದಲ ಸಲ ನೆನೆಸಿದಾಗ ಬಕೆಟ್ಟಿನ ನೀರು ಕೆಂಪಗಾದರೆ ಹೆಂಗಸರಿಗೆ ಹೇಗಾಗುತ್ತದೋ ಹಾಗಾಗಿತ್ತು ನನಗೆ. ಅಂಥ ಹೊತ್ತಿನಲ್ಲಿ ಮಾಡುವ ಉಪಾಯವೂ ನನಗೆ ಗೊತ್ತಿತ್ತಲ್ಲ. "ಇರಿ, ಒಂದ್ ಹಿಡಿ ಕಲ್ಲುಪ್ಪು ಕದಡ್ಕೊಂಡ್ ಬರ್ತೀನಿ. ಬಣ್ಣ ನಿಲ್ಲುತ್ತೆ."

ನಿಮ್ಮ ತಾತ ನಗುವುದು ಅಪರೂಪ. ಅಂದು ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಕ್ಕರು. "ಉಪ್ಪು ಹಾಕಿದ್ರೆ ಪೂರ್ತಿ ಉಪ್ಪಿನಕಾಯೇ ಆಗುತ್ತೆ. ಭಯ ಬೀಳ್ಬೇಡ್ವೇ, ಅದು ಸತ್ತಿರೋ ಬಣ್ಣ. ಮೇಲಿನ ಪದರ. ಅದು ಬಿಟ್ಟುಹೋಗ್ಲಿ ಅಂತಲೇ ಉಜ್ಜೋದು. ಕೆಳಗೆ ನೋಡು."

ನಾನು ನೋಡಿದೆ. ಪಾಲಿಶ್ ಒಣಗಿ ಬೆಳ್ಳಗಾಗಿದ್ದ ಜಾಗವನ್ನು ಅವರು ಬಟ್ಟೆಯಿಂದ ಒರೆಸಿದರು. ಅಲ್ಲಿ, ಆ ಬೂದಿಯ ನಡುವೆ, ಒಂದು ಅಂಗೈಯಗಲ, ಆಗ ತಾನೇ ನೀರು ಚಿಮುಕಿಸಿದ ವೀಳ್ಯದೆಲೆಯಂಥ ಹಸಿರು. ಅದರೊಳಗೆ ಒಂದು ಮೋಡ, ಒಂದು ವಿದ್ಯುತ್ ತಂತಿ, ಕುಂಕುಮ ಅಳಿಸಿಹೋಗಿ ಬೆವತ ನನ್ನ ಮುಖ. ಕಾರಿನಲ್ಲಿ ನಾನು ಇಷ್ಟು ಚೆನ್ನಾಗಿ ಕಾಣಿಸುತ್ತೇನೆಂದು ಯಾರೂ ನನಗೆ ಹೇಳಿರಲಿಲ್ಲ. ನಾಚಿಕೆಯಾಗಿ ಆ ಮುಖದ ಮೇಲೆಯೇ ಬಟ್ಟೆ ಆಡಿಸಿದೆ.

ಆಮೇಲೆ ಕೆಲಸಕ್ಕೆ ಒಂದು ಲಯ ಬಂತು. ಅವರು ಆ ಕಡೆಯಿಂದ, ನಾನು ಈ ಕಡೆಯಿಂದ. ಬೀದಿಯಲ್ಲಿ ಯಾರಾದರೂ ಹೋದರೆ ನಾನು ಬಗ್ಗಿ ಕೆಳಗಿನ ಭಾಗ ಉಜ್ಜುತ್ತಿದ್ದೆ, ಹೀಗಾಗಿ ನನ್ನ ಕಡೆಯ ಬಾಗಿಲು ಕೆಳಗೆ ಹೊಳೆದು ಮೇಲೆ ಹಾಗೆಯೇ ಉಳಿದಿತ್ತು. ನಿಮ್ಮ ತಾತ ಬಾನೆಟ್ಟಿನ ಮೊಂಡು ಕಲೆಯೊಂದರ ಮೇಲೆ ಮೊಳಕೈ ಒತ್ತಿ ಗಸಗಸ ತಿಕ್ಕುತ್ತಿದ್ದರು. ಆಗ ಜಗಲಿಯಿಂದ ಒಂದು ಗುಡುಗು.

"ಲೇ! ಚರ್ಮ ಕಿತ್ ಬತ್ತದೆ ಕಣ್ಲಾ! ಅಂಗಾ ತಿಕ್ಕೋದು?"

ನಾವಿಬ್ಬರೂ ಬೆಚ್ಚಿ ತಿರುಗಿದೆವು. ತಿಂಗಳುಗಳಿಂದ ಆ ಗಂಟಲಿನಿಂದ ಅಷ್ಟು ದೊಡ್ಡ ಸದ್ದು ಬಂದಿರಲಿಲ್ಲ. ಮಾವ ಜಗಲಿ ಇಳಿದು ಬರುತ್ತಿದ್ದರು. ಬಂದವರೇ ಮಗನ ಕೈಯಿಂದ ಬಟ್ಟೆ ಕಿತ್ತುಕೊಂಡು, ಅದನ್ನು ಕೊಡವಿ, ಮಡಿಸಿ, ಅಂಗೈಗೆ ಸುತ್ತಿಕೊಂಡರು. ಮೊದಲು ಬಟ್ಟೆಯಿಲ್ಲದ ಎಡಗೈಯನ್ನು ಕಾರಿನ ಮೇಲೆ ಇಟ್ಟು ಸುಮ್ಮನೆ ನಿಂತರು. ಆಮೇಲೆ ಬಲಗೈ ಚಲಿಸಿತು. ಮುಂದಿನಿಂದ ಹಿಂದಕ್ಕೆ, ಮುಂದಿನಿಂದ ಹಿಂದಕ್ಕೆ. ಪೇಂಟರ್ ಹೇಳಿದ ಸುತ್ತು ಗಿತ್ತು ಏನೂ ಇಲ್ಲ. ಕೂದಲು ಯಾವ ಕಡೆ ಬಾಗಿದೆಯೋ ಆ ಕಡೆಗೇ ಕೈ. ಕಾರಿಗೆ ಕೂದಲು ಎಲ್ಲಿದೆ ಎಂದು ನಿಮ್ಮ ತಾತ ಕೇಳಲಿಲ್ಲ. ನಾನು ಕೇಳುವವಳೇ ಅಲ್ಲ.

"ಏ ಅವ್ವಾ, ನೀನು! ಒಂದೇ ಕಡೆ ನಿಂತ್ಕೊಂಡು ತಿಕ್ಬ್ಯಾಡ, ಅದಕ್ಕೆ ನೋಯ್ತದೆ. ಕೈ ಉದ್ದಕ್ಕೂ ಬುಡು" ಎಂದರು ನನಗೆ. ನನಗೇ. ನಿಮ್ಮಪ್ಪ ಒಳಗೆ ತೊಟ್ಟಿಲಲ್ಲಿ ಮಲಗಿದ್ದ, ನಡುವೆ ದೂತರಿರಲಿಲ್ಲ. ನಾನು "ಹೂಂ ಮಾವ" ಎಂದುಬಿಟ್ಟೆ. ಮದುವೆಯಾಗಿ ಬಂದ ಮೇಲೆ ಅವರಿಗೆ ನಾನು ಆಡಿದ ಮೊದಲ ಮಾತು ಅದು. ಆಕಾಶವೇನೂ ಕಳಚಿ ಬೀಳಲಿಲ್ಲ. ಅವರು ಗಮನಿಸಿದಂತೆಯೂ ಕಾಣಲಿಲ್ಲ.

ಮಕ್ಕಳೇ, ಅಂದು ನಾನು ಕಂಡದ್ದನ್ನು ಹೇಗೆ ಬರೆಯಲಿ? ಮಾವ ಕಾರಿನ ಹಿಂಭಾಗಕ್ಕೆ ಹೋಗಬೇಕಿತ್ತು. ಅವರು ನಮ್ಮ ಹಾಗೆ ಸುಮ್ಮನೆ ನಡೆದು ಹೋಗಲಿಲ್ಲ. ಅಂಗೈಯನ್ನು ಕಾರಿನ ಮೈಯಿಂದ ಎತ್ತದೆ, ಬಾಗಿಲಿನ ಮೇಲೆ, ಕಿಟಕಿಯ ಕೆಳಗೆ, ಹಿಂದಿನ ಉಬ್ಬಿನ ಮೇಲೆ ಸವರುತ್ತಲೇ, "ಹೋ... ಹೋ..." ಎನ್ನುತ್ತ ಬಳಸಿಕೊಂಡು ಹೋದರು. ಕುದುರೆಯ ಹಿಂದೆ ಹೋಗುವವನು ತಾನು ಬರುತ್ತಿದ್ದೇನೆಂದು ಅದಕ್ಕೆ ಕೈಯಿಂದ ಹೇಳಬೇಕು, ಇಲ್ಲದಿದ್ದರೆ ಬೆಚ್ಚಿ ಒದೆಯುತ್ತದೆ. ಕಾರು ಒದೆಯುವುದಿಲ್ಲವೆಂದು ಮಾವನಿಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ನಾನು ಎದುರು ಬದಿಯಲ್ಲಿದ್ದ ನಿಮ್ಮ ತಾತನನ್ನು ನೋಡಿದೆ. ಅವರು ಬಟ್ಟೆಯಿಲ್ಲದ ಬರಿಗೈಯಲ್ಲಿ ಕಾರನ್ನು ಉಜ್ಜುತ್ತ ನಿಂತಿದ್ದರು.

ಊಟದ ಹೊತ್ತಿಗೆ ಕಾರು ಹೊಳೆಯಿತು. ಸರೋಜಮ್ಮನವರ ಕಾಂಪೌಂಡೇ ಅದರಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ಕೆಲಸ ಮುಗಿಯಿತೆಂದು ನಾವು ಅಂದುಕೊಂಡರೆ ಮಾವ ಒಳಗೆ ಹೋಗಿ ತಮ್ಮ ಹಳೆಯ ಟ್ರಂಕಿನ ಹಿಂದಿನಿಂದ ಎರಡು ಸೀಸೆ ಹಿಡಿದುಕೊಂಡು ಬಂದರು. ಒಂದರಲ್ಲಿ ಹರಳೆಣ್ಣೆಗೆ ದೀಪದ ಮಸಿ ಕಲಸಿದ್ದು. ಅದು ಮಲ್ಲಿಯ ಗೊರಸಿಗೆ ಹಚ್ಚುತ್ತಿದ್ದದ್ದು. ಕುಕ್ಕರಗಾಲಿನಲ್ಲಿ ಕೂತು ನಾಲ್ಕು ಟೈರುಗಳಿಗೂ ಒಂದೊಂದಾಗಿ ಹಚ್ಚಿದರು. ಬೂದು ಬಣ್ಣಕ್ಕೆ ತಿರುಗಿದ್ದ ಟೈರುಗಳು ಕಾಡಿಗೆ ಹಚ್ಚಿಕೊಂಡ ಕಣ್ಣಿನಂತಾದವು. ಅದು ಚೆನ್ನಾಗಿಯೇ ಇತ್ತು. ಆಮೇಲೆ ಎರಡನೆಯ ಸೀಸೆಯ ಬಿರಡೆ ತೆಗೆದರು. ಅದರಲ್ಲಿ ಕೊಬ್ಬರಿ ಎಣ್ಣೆ. ಅಂಗೈಗೆ ಸುರಿದುಕೊಂಡು, ಎರಡೂ ಕೈಗೆ ಉಜ್ಜಿಕೊಂಡು, ಬಾನೆಟ್ಟಿನ ಕಡೆ ನಡೆದರು.

ನಿಮ್ಮ ತಾತ ಬಾಯಿ ತೆರೆದರು. ನನಗೂ ಅರ್ಥವಾಯಿತು. ಬೆಳಗಿನಿಂದ ಉಜ್ಜಿದ ಪಾಲಿಶ್ ಮೇಲೆ ಎಣ್ಣೆ! ಕೆಮ್ಮಣ್ಣಿನ ಊರಿನಲ್ಲಿ ಎಣ್ಣೆ ಹಚ್ಚಿಕೊಂಡು ಬೀದಿಗೆ ಹೊರಟರೆ ಏನಾಗುತ್ತದೆಂದು ಹೇಳಲು ಫಿಟ್ಟರ್ ಆಗಬೇಕಿಲ್ಲ. ತಲೆಗೆ ಎಣ್ಣೆ ಹಚ್ಚಿ ಮಕ್ಕಳನ್ನು ಆಡಲು ಬಿಟ್ಟ ಯಾವ ತಾಯಿಗೂ ಗೊತ್ತು. ನಾನು ಹತ್ತಿರ ಸರಿದು ಪಿಸುಗುಟ್ಟಿದೆ.

"ಹೇಳ್ರೀ ಅವರಿಗೆ. ಎಲ್ಲಾ ಹಾಳಾಗುತ್ತೆ."

ಅವರು ಅಪ್ಪನನ್ನೇ ನೋಡುತ್ತಿದ್ದರು. ಮಾವ ಬಾನೆಟ್ಟಿನ ಮೇಲೆ ಎರಡೂ ಅಂಗೈಯನ್ನು ಹರಿಯಬಿಟ್ಟಿದ್ದರು. ಅವರ ತುಟಿಗಳು ಅಲುಗುತ್ತಿದ್ದವು. ಏನು ಹೇಳುತ್ತಿದ್ದರೋ, ಯಾರಿಗೆ ಹೇಳುತ್ತಿದ್ದರೋ.

"ಸುಮ್ನಿರು" ಎಂದರು ನಿಮ್ಮ ತಾತ. "ಹಚ್ಲಿ ಬಿಡು."

ಕಾರಿಗೆ ಎಣ್ಣೆ ನೀರು ಮುಗಿಯಿತು. ಮಾವ ಹಿಂದೆ ಸರಿದು ನಿಂತು, ತಲೆ ಓರೆ ಮಾಡಿ ಮೇಲಿಂದ ಕೆಳಗೆ ನೋಡಿದರು. ಅಂದು ನಿಮ್ಮ ತಾತ "ಹತ್ತು" ಎಂದು ಕೇಳಲಿಲ್ಲ. ಕೇಳಿ ಮತ್ತೆ "ಬ್ಯಾಡ" ಎನಿಸಿಕೊಂಡರೆ ಅಂದಿನ ದಿನವೆಲ್ಲ ಕೆಟ್ಟುಹೋಗುತ್ತದೆಂಬ ಭಯ ಅವರ ಮುಖದಲ್ಲಿ ಕಾಣುತ್ತಿತ್ತು. ಮಾವನೇ ಸಿಡುಕಿದರು.

"ಏನ್ ನೋಡ್ತಾ ನಿಂತಿದೀಯ? ಮಾಲೀಸು ಆದ್ಮ್ಯಾಕೆ ಒಂದ್ ಸುತ್ತು ಓಡಿಸ್ಬೇಕು. ಇಲ್ದಿದ್ರೆ ಮೈ ಇಡ್ಕೋತದೆ. ನಡಿ, ತಗಿ ಗಾಡಿಯ."

ಹೇಳಿದವರೇ ಜಗಲಿಯ ಮೇಲಿದ್ದ ರುಮಾಲನ್ನು ತಲೆಗೆ ಸುತ್ತಿಕೊಂಡು, ಮುಂದಿನ ಬಾಗಿಲು ತೆರೆದು, ಮೊದಲು ಬಲಗಾಲಿಟ್ಟು ಹತ್ತಿ ಕೂತೇಬಿಟ್ಟರು. ಮೂಟೆಯ ಹಾಗೆ ಒರಗಿ ಕೂರಲಿಲ್ಲ, ಸೀಟಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಒಳಗೆ ಓಡಿ ನಿದ್ದೆಯಲ್ಲಿದ್ದ ನಿಮ್ಮಪ್ಪನನ್ನು ಎತ್ತಿಕೊಂಡು ಬಂದು ಹಿಂದೆ ಹತ್ತಿದೆ. ಒಲೆಯ ಮೇಲಿನ ಅನ್ನ ಏನಾಯಿತೆಂದು ಕೇಳಬೇಡಿ.

ಕಾರು ಮಾಗಡಿ ರಸ್ತೆಯ ಕಡೆ ತಿರುಗಿತು. ನಿಮ್ಮ ತಾತ ಹಾರನ್ ಒತ್ತಬೇಕಾದ ಕಡೆಯಲ್ಲೆಲ್ಲ ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದರು. "ಏ ಬದೀಗ್ ಬಾರಪ್ಪೋ! ತಾಯೀ, ಮಗ ಇಡ್ಕೊ, ಮಗ ಇಡ್ಕೊ!" ಹಾರನ್‌ಗಿಂತ ಅದೇ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಎದುರಿಗೆ ಬಸ್ಸು ಬಂದರೆ ಅವರ ಎರಡೂ ಮುಷ್ಟಿಗಳು ತೊಡೆಯ ಮೇಲೆ ಬಿಗಿಯಾಗಿ, ಇಲ್ಲದ ಲಗಾಮನ್ನು ಎಳೆಯುತ್ತಿದ್ದವು. ಕಾಮಾಕ್ಷಿಪಾಳ್ಯದಲ್ಲಿ ಚಹಾ ಅಂಗಡಿಯ ಮುಂದೆ ಕೂತಿದ್ದ ಅವರ ಹಳೆಯ ಜೊತೆಗಾರರೊಬ್ಬರು ಎದ್ದು ನಿಂತರು. "ಏನಣ್ಣೋ, ಕುದುರೆ ಎಲ್ಲೋ?" ಎಂದು ಕೂಗಿದರು. "ಒಳಗೈತೆ ಕಣ್ಲಾ! ನೀನ್ ಹುಲ್ಲು ತತ್ತಾ!" ಎಂದು ಮಾವ ತಿರುಗಿ ಕೂಗಿದರು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸ್ವಲ್ಪ ಏರು ಹತ್ತುವಷ್ಟರಲ್ಲಿ ಕಾರಿನ ಮೂತಿಯಿಂದ ಬಿಳಿ ಹಬೆ ಏಳತೊಡಗಿತು. ನಿಮ್ಮ ತಾತ ಪಕ್ಕಕ್ಕೆ ನಿಲ್ಲಿಸಿದರು. ಅಲ್ಲಿ ರಸ್ತೆಯ ಬದಿಯಲ್ಲಿ ಎತ್ತು ಕುದುರೆಗಳಿಗೆಂದು ಕಟ್ಟಿದ್ದ ಕಲ್ಲಿನ ನೀರಿನ ತೊಟ್ಟಿಯೊಂದಿತ್ತು. ಮಾವ ಇಳಿದು ಬಾನೆಟ್ಟಿನ ಮೇಲೆ ಕೈ ಇಟ್ಟರು.

"ಮೈ ಕಾದದೆ" ಎಂದರು. ಆಮೇಲೆ, ಮಗ ನೀರಿಗೆಂದು ಡಬ್ಬ ತೆಗೆದುಕೊಂಡದ್ದನ್ನು ನೋಡಿ ಕೈ ಅಡ್ಡ ಹಿಡಿದರು. "ಓಡಿ ಬಂದ ತಕ್ಷಣ..."

"...ನೀರು ಕೊಡಬಾರದು" ಎಂದು ನಿಮ್ಮ ತಾತ ಮುಗಿಸಿದರು. "ಗೊತ್ತಪ್ಪಾ. ಬಿಸಿಗೆ ತಣ್ಣೀರು ಬಿದ್ರೆ ಒಡ್ದೋಗುತ್ತೆ. ಆರಲಿ."

ಮಾವ ಮಗನ ಮುಖವನ್ನು ನೋಡಿದರು. ಒಬ್ಬರು ಕುದುರೆಯ ಹೊಟ್ಟೆಯ ವಿಷಯ ಹೇಳುತ್ತಿದ್ದರು, ಇನ್ನೊಬ್ಬರು ಇಂಜಿನ್ನಿನ ವಿಷಯ. ಇಬ್ಬರೂ ತೊಟ್ಟಿಯ ಅಂಚಿನ ಮೇಲೆ ಅಕ್ಕಪಕ್ಕ ಕೂತರು, ಹಬೆ ಇಳಿಯುವ ತನಕ. ಮಾವ ಒಂದು ಬೀಡಿ ಹಚ್ಚಿದರು. ಆಮೇಲೆ ನಿಮ್ಮ ತಾತ ಬಟ್ಟೆ ಸುತ್ತಿ ಮುಚ್ಚಳ ತೆಗೆದರು, ಮಾವ ಡಬ್ಬದಲ್ಲಿ ನೀರು ಮೊಗೆದು ತಾವೇ ಹುಯ್ದರು. ಒಳಗೆ ಗಟಗಟ ಸದ್ದಾಯಿತು. "ಪಾಪ, ಬಾಯಾರಿತ್ತು" ಎಂದರು.

ಮನೆಗೆ ಬಂದಾಗ ನಮ್ಮ ಹಸಿರು ಕಾರು ಎಲ್ಲಿಯೂ ಇರಲಿಲ್ಲ. ಕೊಬ್ಬರಿ ಎಣ್ಣೆ ಊರಿನ ಧೂಳನ್ನೆಲ್ಲ ಕರೆದು ಕೂರಿಸಿಕೊಂಡಿತ್ತು. ಇಟ್ಟಿಗೆಗೂಡಿನಿಂದ ಆಗ ತಾನೇ ತೆಗೆದ ಹಾಗೆ ಕೆಂಪಗೆ ನಿಂತಿತ್ತು ಕಾರು. ಸರೋಜಮ್ಮ ಕಾಂಪೌಂಡಿನ ಬಳಿ ಕಾದಿದ್ದರು.

"ಅಯ್ಯಯ್ಯೋ, ಬೆಳಿಗ್ಗೆಯಿಂದ ಉಜ್ಜಿದ್ದು ಇದಕ್ಕೇನಾ ನಂಜಮ್ಮ? ಬಣ್ಣಾನೇ ಬದಲಾಗಿದೆಯಲ್ರೀ!"

ನನಗಿಂತ ಮೊದಲು ಮಾವ ಉತ್ತರ ಕೊಟ್ಟರು. "ಧೂಳು ಕಣಮ್ಮ. ಓಡಾಡೋ ಗಾಡಿ ಅಲ್ವಾ, ಕೂತ್ಕೋತದೆ. ಬೆಳಿಗ್ಗೆ ಎದ್ದು ಮತ್ತೆ ತಿಕ್ಕಿದ್ರಾಯ್ತು. ಏನೂ ಕೂರ್ದೆ ಇದ್ರೆ ತಿಕ್ಕೋಕೆ ಏನಿರ್ತದೆ ಏಳು?"

ಹೊಳಪು ಎಂದರೆ ಒಮ್ಮೆ ಬಂದರೆ ಉಳಿಯಬೇಕಾದದ್ದು ಎಂದು ನಾನು ತಿಳಿದಿದ್ದೆ. ಹಿತ್ತಾಳೆ ಬಿಂದಿಗೆ ಮರುದಿನವೇ ಕಪ್ಪಾದಾಗಲೆಲ್ಲ ಅದನ್ನು ಶಪಿಸಿದವಳು ನಾನು. ಮಾವನ ಮಾತು ಕೇಳಿದ ಮೇಲೆ ಆ ಶಾಪವನ್ನು ನಿಲ್ಲಿಸಿದೆ. ಮನುಷ್ಯನಿಗೆ ಹೊಳೆಯುವ ವಸ್ತುವಿಗಿಂತ, ನಾಳೆ ಬೆಳಿಗ್ಗೆ ತನ್ನ ಕೈಗಾಗಿ ಕಾದಿರುವ ವಸ್ತು ಬೇಕು. ನೀವು ಕಾರಿನ ಧೂಳಿನಲ್ಲಿ ಏನಾದರೂ ಬರೆದರೆ ನಿಮ್ಮಪ್ಪನಿಗೆ ಗೀರಿನ ಚಿಂತೆ. ಅವನ ಚಿಂತೆ ಅವನಿಗಿರಲಿ. ಬೈದಾದ ಮೇಲೆ ಅವನ ಕೈಗೊಂದು ಮೆತ್ತನೆ ಬಟ್ಟೆ ಕೊಡಿ, ನೀವೂ ಒಂದೊಂದು ಹಿಡಿದುಕೊಳ್ಳಿ. ಮೊನ್ನೆ ಬಾಗಿಲಲ್ಲಿ ನಿಂತು ನಾನು ಹೇಳಬೇಕೆಂದಿದ್ದದ್ದು ಇಷ್ಟೇ.

ಆ ಭಾನುವಾರದ ಮರುದಿನ ಬೆಳಕು ಹರಿಯುವ ಹೊತ್ತಿಗೆ ನನಗೆ ಎಚ್ಚರವಾಯಿತು. ಹೊರಗೆ ಸೊರ್‌ಸೊರ್ ಎಂಬ ಸದ್ದು. ಪಕ್ಕದಲ್ಲಿ ನಿಮ್ಮ ತಾತ ಇರಲಿಲ್ಲ. ಎದ್ದು ಹೋಗಿ ನೋಡಿದರೆ, ಕಾರ್ಖಾನೆಗೆ ಹೊರಡಬೇಕಾದವರು ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಕಿಟಕಿಯ ಬಳಿ ನಿಂತಿದ್ದಾರೆ. ಹೊರಗೆ ಮಾವ ಬಕೆಟ್ಟಿಟ್ಟುಕೊಂಡು, ಬಟ್ಟೆಯನ್ನು ಅಂಗೈಗೆ ಸುತ್ತಿಕೊಂಡು, ಕಾರಿನ ಬೆನ್ನು ತಿಕ್ಕುತ್ತಿದ್ದಾರೆ.

ನಿಮ್ಮ ತಾತ ಕಿಟಕಿಯಿಂದಲೇ, ಸ್ವಲ್ಪ ಅಳುಕಿನಿಂದಲೇ ಕೇಳಿದರು. "ಅಪ್ಪಾ, ಸಾಯಂಕಾಲ ಒಂದು ಸುತ್ತು ಹೋಗೋಣ್ವಾ?"

ಮಾವ ತಲೆ ಎತ್ತಲಿಲ್ಲ. ಕೈಯೂ ನಿಲ್ಲಲಿಲ್ಲ.

"ಓಗ್ದೆ ಮತ್ತೆ? ಕಟ್ಟಿಕ್ಕಿದ್ರೆ ಕಾಲು ಬಿದ್ದೋಗಾಕಿಲ್ವಾ ಇದಕ್ಕೆ?"